ಗಾಳಿ ಮಳೆಯನ್ನು ಹೊತ್ತೊಯ್ಯುವುದಿಲ್ಲ

ಏಪ್ರಿಲ್ ಕೊನೆಯ ವಾರದಲ್ಲಿ ಕೋಲಾರ ಸೀಮೆಯ ಹವೆ ದಿನಕ್ಕೊಂದು ಬಗೆ. ಎರಡು ಮೂರು ದಿನ ಬಿಸಿಲು ಏರುತ್ತಾ ಹೋಗುತ್ತದೆ. ಬಂಗಾಳ ಕೊಲ್ಲಿಯ ತೇವ ಬಂದು ಸೇರಿದ ದಿನ ಧಗೆ ಹೆಚ್ಚಿ, ಮಧ್ಯಾಹ್ನದ ಹೊತ್ತಿಗೆ ಮೋಡ ಮೇಲೇಳತೊಡಗುತ್ತದೆ. ಸಂಜೆ ದೂಳೆಬ್ಬಿಸುತ್ತಾ ತಣ್ಣನೆಯ ಗಾಳಿ ನುಗ್ಗುತ್ತದೆ, ಶ್ರೀನಿವಾಸಪುರದ ತೋಟಗಳಲ್ಲಿ ಬಲಿಯದ ಮಾವಿನಕಾಯಿಗಳು ತೊಟ್ಟು ಕಳಚಿ ಉದುರುತ್ತವೆ, ನಾಲ್ಕು ಹನಿ ಬಿದ್ದು ಎಲ್ಲವೂ ಮುಗಿಯುತ್ತದೆ. ‘ಗಾಳಿ ಬಂದು ಮಳೆಯನ್ನು ಹಾರಿಸಿಕೊಂಡು ಹೋಯಿತು’ ಎಂದು ಜನ ನೊಂದುಕೊಳ್ಳುತ್ತಾರೆ. ಆದರೆ ಆ ಗಾಳಿ ಹುಟ್ಟಿದ್ದೇ ಮಳೆಯಿಂದ.

ಬೇಸಿಗೆಯ ಮೋಡದ ತಳ ನೆಲದಿಂದ ಬಹಳ ಎತ್ತರದಲ್ಲಿರುತ್ತದೆ. ಅಲ್ಲಿಂದ ಹೊರಟ ಹನಿಗಳು ಕೆಳಗಿನ ಒಣ ಗಾಳಿಯನ್ನು ಹಾಯ್ದು ಬರುವಾಗ ದಾರಿಯಲ್ಲೇ ಆವಿಯಾಗುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಮಣ್ಣಿನ ಮಡಕೆ ತನ್ನ ಮೈಯಿಂದ ಜಿನುಗಿದ ನೀರು ಆರಿದಂತೆ ಒಳಗಿನ ನೀರನ್ನು ತಂಪಾಗಿಸುವಂತೆ, ಈ ಹನಿಗಳು ಆ ಶಾಖವನ್ನು ಸುತ್ತಲಿನ ಗಾಳಿಯಿಂದ ಹೀರಿ ಅದನ್ನು ತಣ್ಣಗಾಗಿಸುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿಯುತ್ತದೆ, ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಳೆ ನೆಲ ಮುಟ್ಟದಿದ್ದರೂ ಅದರ ತಂಪು ಮುಟ್ಟುತ್ತದೆ.

ಮೋಡದೊಳಗಿನ ಈ ಇಳಿಗಾಳಿಯನ್ನು 1946-47ರಲ್ಲಿ ಅಮೆರಿಕದ ಫ್ಲಾರಿಡಾ, ಒಹಾಯೊಗಳಲ್ಲಿ ಗುಡುಗುಮೋಡಗಳೊಳಗೆ ವಿಮಾನ ಹಾರಿಸಿಯೇ ಅಳೆದಿದ್ದರು. ಅದು ನೆಲದ ಬಳಿಯೂ ಎಷ್ಟು ಪ್ರಬಲವಾಗಿರಬಲ್ಲದೆಂದು ತೋರಿಸಿಕೊಟ್ಟವರು ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗುಮಳೆಯ ನಡುವೆ ನೆಲಕ್ಕಪ್ಪಳಿಸಿ 113 ಜನ ಸತ್ತಾಗ, ಕಾರಣ ಈ ಕುಸಿಗಾಳಿಯೇ ಎಂದು ಅವರು ವಾದಿಸಿದರು. ಬಹಳ ಮಂದಿ ಒಪ್ಪಲಿಲ್ಲ. ಮುಂದೆ ರೇಡಾರ್ ಅವಲೋಕನಗಳು ಅವರ ಮಾತನ್ನು ನಿಜವಾಗಿಸಿದವು. ತೋಟದಲ್ಲಿ ಕಾಯಿ ಉದುರಿಸುವುದೂ, ಬೆಂಗಳೂರಿನಲ್ಲಿ ಮಳೆ ಬೀಳುವ ಮೊದಲೇ ಗುಲ್‌ಮೊಹರ್ ಕೊಂಬೆ ಮುರಿಯುವುದೂ ಇದೇ ಬಗೆಯ ಗಾಳಿ.

ಹಾಗಾದರೆ ಮಳೆ ನಿಂತದ್ದೇಕೆ? ಮೋಡಕ್ಕೆ ಕೆಳಗಿನಿಂದ ಸಿಗುತ್ತಿದ್ದ ಬೆಚ್ಚನೆಯ ತೇವದ ಗಾಳಿಯನ್ನು ನೆಲದ ಮೇಲೆ ಹರಡಿದ ತಂಪು ತಡೆದುಬಿಡುತ್ತದೆ. ಅಷ್ಟರಮಟ್ಟಿಗೆ ಜನರ ಮಾತಿನಲ್ಲಿ ಸತ್ಯವಿದೆ: ಗಾಳಿ ಮೋಡವನ್ನು ಕೊಲ್ಲುತ್ತದೆ, ಆದರೆ ಅದು ಹೊರಗಿನಿಂದ ಬಂದ ಗಾಳಿಯಲ್ಲ. ಅದೇ ತಂಪು ಮುಂದಕ್ಕೆ ಹರಿದು, ಎದುರಿಗೆ ಸಿಕ್ಕ ಬಿಸಿ ಗಾಳಿಯನ್ನು ಮೇಲಕ್ಕೆತ್ತಿ, ಕೆಲವು ಕಿಲೋಮೀಟರ್ ಆಚೆ ಹೊಸ ಮೋಡವನ್ನು ಕಟ್ಟಬಲ್ಲದು. ಒಂದೂರಿನ ಕೆರೆಯಂಗಳ ಒದ್ದೆಯಾಗಿ ಪಕ್ಕದೂರು ಒಣಗಿಯೇ ಉಳಿಯುವುದೂ, ಇಂಥ ಮಳೆ ಯಾವ ಹಳ್ಳಿಯಲ್ಲಿ ಬೀಳುತ್ತದೆಂದು ಮುಂಚಿತವಾಗಿ ಖಚಿತವಾಗಿ ಹೇಳುವುದು ಕಷ್ಟವಾಗುವುದೂ ಬಹುಮಟ್ಟಿಗೆ ಇದರಿಂದಲೇ.