ಪದ ಪರಿಚಯ: ಏಡ್ ಫಾರ್ ಟ್ರೇಡ್

ಬಡ ದೇಶವೊಂದು ಹೊರದೇಶಗಳಿಗೆ ಸರಕು ಮಾರಲು ಬೇಕಾದ ಶಕ್ತಿಯನ್ನು ಕಟ್ಟಿಕೊಳ್ಳಲೆಂದು ಬೇರೆ ಸರ್ಕಾರಗಳು ಕೊಡುವ ನೆರವೇ ಏಡ್ ಫಾರ್ ಟ್ರೇಡ್. ವ್ಯಾಪಾರಕ್ಕಾಗಿ ನೆರವು ಎನ್ನಬಹುದು. ವಿಶ್ವ ವ್ಯಾಪಾರ ಸಂಸ್ಥೆಯ 2005ರ ಹಾಂಗ್‌ಕಾಂಗ್ ಸಮ್ಮೇಳನದಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಮರುವರ್ಷ ಕಾರ್ಯಪಡೆಯೊಂದು ಇದರ ವ್ಯಾಪ್ತಿ ಗೊತ್ತುಮಾಡಿತು. ವ್ಯಾಪಾರ ನೀತಿ ರೂಪಿಸುವವರಿಗೆ ತರಬೇತಿ, ಬಂದರು, ರಸ್ತೆ, ವಿದ್ಯುತ್, ರೈತರ ಮತ್ತು ಕಾರ್ಖಾನೆಗಳ ಉತ್ಪಾದನಾ ಸಾಮರ್ಥ್ಯ, ಸುಂಕ ಇಳಿದಾಗ ಆಗುವ ನಷ್ಟಕ್ಕೆ ಹೊಂದಿಕೊಳ್ಳಲು ಸಹಾಯ, ಇವೆಲ್ಲ ಇದರೊಳಗೆ ಬರುತ್ತವೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದಂಥವು ನಮ್ಮ ರಫ್ತುದಾರರಿಗೆ ಮಾಡುವ ಸಹಾಯ ಇದರಲ್ಲಿ ಸೇರದು. ಅದು ಸರ್ಕಾರ ತನ್ನವರಿಗೇ ಕೊಡುವ ಉತ್ತೇಜನ. ಇಲ್ಲಿ ಹಣ ಅಥವಾ ತಿಳಿವಳಿಕೆ ದೇಶದ ಗಡಿ ದಾಟಬೇಕು.

ಸುಂಕ ತೆಗೆದರೆ ಸಾಲದೇ? ಸಾಲದು. ಐರೋಪ್ಯ ಒಕ್ಕೂಟವು 2001ರ ಯೋಜನೆಯೊಂದರಲ್ಲಿ ಅತಿ ಹಿಂದುಳಿದ ದೇಶಗಳಿಗೆ ಶಸ್ತ್ರಾಸ್ತ್ರ ಬಿಟ್ಟು ಉಳಿದ ಸರಕಿಗೆಲ್ಲ ಸುಂಕ ವಿನಾಯಿತಿ ಕೊಟ್ಟಿತು. ಆಫ್ರಿಕಾದ ಮಲಾವಿಯ ಕಡಲೆಕಾಯಿಗೂ ಅದು ಅನ್ವಯ. ಆದರೆ ಒಕ್ಕೂಟದ ನಿಯಮದಂತೆ ನೇರವಾಗಿ ತಿನ್ನುವ ಕಡಲೆಕಾಯಿ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೋಗೆ 4 ಮೈಕ್ರೋಗ್ರಾಂ ಮೀರುವಂತಿಲ್ಲ. ಕಿತ್ತ ಕಾಯಿ ಸರಿಯಾಗಿ ಒಣಗದೆ ಮೂಟೆಗೆ ಹೋದರೆ ಬೂಷ್ಟು ಏಳುತ್ತದೆ. ಅದೂ ಎಲ್ಲ ಬೀಜಕ್ಕಲ್ಲ, ಅಲ್ಲೊಂದು ಇಲ್ಲೊಂದು ಬೀಜಕ್ಕೆ. ಹೀಗಾಗಿ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಏನೂ ತಿಳಿಯದು. ದೊಡ್ಡ ಲಾಟ್‌ನ 100 ಕಡೆಯಿಂದ ಸುಮಾರು 200 ಗ್ರಾಂನಂತೆ 20 ಕಿಲೋ ಕೂಡಿಸಿ, ಅರೆದು, ಬೆರೆಸಿ, ಆಮೇಲೆ ಪರೀಕ್ಷೆಗೆ ಕೊಡಬೇಕು. ಪ್ರಯೋಗಾಲಯಕ್ಕೆ ಐಎಸ್‌ಒ 17025 (ಪ್ರಯೋಗಾಲಯಗಳ ಸಾಮರ್ಥ್ಯಕ್ಕಿರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇಲ್ಲದಿದ್ದರೆ ಅದರ ವರದಿಯನ್ನು ಕೊಳ್ಳುವವರು ಒಪ್ಪುವುದು ಕಷ್ಟ.

ನೆರವು ಬೇಕಾಗುವುದು ಈ ಜಾಗದಲ್ಲಿ, ಹಾಳಾಗುವುದೂ ಇಲ್ಲೇ. ಕೊಡುವವರಿಗೆ ಪರೀಕ್ಷಾ ಯಂತ್ರ ಕೊಡಿಸುವುದು ಸುಲಭ: ಬೆಲೆ ಗೊತ್ತಿರುತ್ತದೆ, ಉದ್ಘಾಟನೆಯೂ ಆಗುತ್ತದೆ. ಆದರೆ ಆ ಯಂತ್ರ ನಡೆಯಲು ಕಾಲಂ (ಮಾದರಿಯ ಅಂಶಗಳನ್ನು ಬೇರ್ಪಡಿಸುವ ಕೊಳವೆ), ಶುದ್ಧ ದ್ರಾವಕ, ಹೋಲಿಕೆಗೆ ಪ್ರಮಾಣಿತ ಮಾದರಿ, ನಿಲ್ಲದ ಕರೆಂಟು, ಕ್ಯಾಲಿಬ್ರೇಷನ್, ಮಾನ್ಯತೆ ಉಳಿಸಿಕೊಳ್ಳುವ ಶುಲ್ಕ ಎಲ್ಲವೂ ಬೇಕು, ಅದೂ ಪ್ರತಿ ವರ್ಷ. ತರಬೇತಿ ಪಡೆದ ಕೆಮಿಸ್ಟ್ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋದರೆ ಮತ್ತೆ ಮೊದಲಿನಿಂದ ಶುರು. ಯೋಜನೆ ಮುಗಿದ ಮೇಲೆ ಈ ಖರ್ಚನ್ನು ಯಾವ ಇಲಾಖೆ ಯಾವ ಬಾಬ್ತಿನಿಂದ ಭರಿಸುತ್ತದೆ ಎಂಬುದು ಸಹಿ ಹಾಕುವ ಮುನ್ನವೇ ಕಾಗದದ ಮೇಲೆ ಬರಬೇಕು. ನಮ್ಮ ದೃಷ್ಟಿಯಲ್ಲಿ ಯಂತ್ರದ ಗುಣಮಟ್ಟಕ್ಕಿಂತ ಇದೇ ಮುಖ್ಯ. ಇನ್ನು ಹೊಲದಲ್ಲಿ ಒಣಗಿಸುವ ಕ್ರಮ ಸುಧಾರಿಸದೆ ಪ್ರಯೋಗಾಲಯವನ್ನಷ್ಟೇ ಕಟ್ಟಿದರೆ, ಸರಕು ಯಾಕೆ ತಿರಸ್ಕೃತವಾಯಿತು ಎಂಬುದು ಚೆನ್ನಾಗಿ ತಿಳಿಯುತ್ತದೆ, ಅಷ್ಟೇ.

ಕೇಳುವ ದೇಶದ ಪಾಲಿನ ಕೆಲಸವೂ ಇದೆ. ಸರಕು ಎಲ್ಲಿ ನಿಲ್ಲುತ್ತಿದೆ ಎಂದು ಪತ್ತೆಹಚ್ಚಿ, ಆದ್ಯತೆಯ ಪಟ್ಟಿ ಮಾಡಿ, ಅದನ್ನು ತನ್ನ ಬಜೆಟ್ಟಿಗೆ ಜೋಡಿಸಬೇಕು. ಪಟ್ಟಿ ಇಲ್ಲದಿದ್ದರೆ ಕೊಡುವವರ ಇಷ್ಟದಂತೆ ಯೋಜನೆ ಬರುತ್ತದೆ. 2017ರ ಫೆಬ್ರುವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸೌಲಭ್ಯ ಒಪ್ಪಂದ ಇದನ್ನು ಅಚ್ಚುಕಟ್ಟಾಗಿ ಮಾಡಿದೆ. ಕಸ್ಟಮ್ಸ್ ಸುಧಾರಣೆಗಳಲ್ಲಿ ಕೂಡಲೇ ಮಾಡಬಲ್ಲವನ್ನು 'ಎ', ಸಮಯ ಬೇಕಾದವನ್ನು 'ಬಿ', ಸಮಯದ ಜೊತೆಗೆ ನೆರವೂ ಬೇಕಾದವನ್ನು 'ಸಿ' ಎಂದು ಆಯಾ ದೇಶವೇ ಗುರುತಿಸಿ ತಿಳಿಸುತ್ತದೆ.

ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. ಈ ಹೆಸರಲ್ಲಿ ಪ್ರಕಟವಾಗುವ ಮೊತ್ತದಲ್ಲಿ ಅನುದಾನದ ಜೊತೆ ಕಡಿಮೆ ಬಡ್ಡಿಯ ಸಾಲವೂ ಸೇರಿರುತ್ತದೆ. ಊರೊಳಗಿನ ಓಡಾಟಕ್ಕೇ ಹೆಚ್ಚು ಬಳಕೆಯಾಗುವ ರಸ್ತೆಯೂ ಮೂಲಸೌಕರ್ಯದ ಲೆಕ್ಕಕ್ಕೆ ಬರಬಹುದು.

ಭಾರತ ಪಡೆಯುತ್ತದೆ, ಕೊಡುತ್ತದೆ ಕೂಡ. 2008ರಲ್ಲಿ ಅತಿ ಹಿಂದುಳಿದ ದೇಶಗಳಿಗೆ ಸುಂಕ ವಿನಾಯಿತಿ ಘೋಷಿಸಿತು. 1964ರಿಂದ ಐಟೆಕ್ ಯೋಜನೆಯಡಿ ಹೊರದೇಶದವರಿಗೆ ತರಬೇತಿ ನೀಡುತ್ತಿದೆ. ಎರಡೂ ಪಾತ್ರ ಕಾಣಬೇಕಾದರೆ ರೇಷ್ಮೆಯನ್ನು ನೋಡಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯ ಮೈಸೂರಿನ ಸಂಶೋಧನಾ ಸಂಸ್ಥೆಗೆ 1991ರಿಂದ 2007ರವರೆಗೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ತಾಂತ್ರಿಕ ನೆರವು ನೀಡಿತು. ಏಡ್ ಫಾರ್ ಟ್ರೇಡ್ ಎಂಬ ಹೆಸರು ಹುಟ್ಟುವ ಮೊದಲೇ ಶುರುವಾದರೂ ಕೆಲಸ ಅದೇ ಬಗೆಯದು: ಉತ್ಪಾದನಾ ಸಾಮರ್ಥ್ಯ ಕಟ್ಟುವುದು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸು ಎಳೆಗೆ ಗಟ್ಟಿ ನೂಲು ಬೇಕು; ಅದಕ್ಕೆ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಕೊಡುವ) ಹುಳುವಿನ ಗೂಡು ಬೇಕು. ಸಿಎಸ್‌ಆರ್ ಎಂಬ ದ್ವಿತಳಿ ರೇಷ್ಮೆಹುಳು ತಳಿಗಳು ಬಂದದ್ದು ಆ ಅವಧಿಯಲ್ಲೇ. ಹೊಸ ತಳಿಯೊಂದರಿಂದಲೇ ಬೆಳೆ ಕೈಗೆ ಬರುವುದಿಲ್ಲ. ಹುಳು ಮನೆಯ ಸೋಂಕು ನಿವಾರಣೆ, ಚಾಕಿ (ಎಳೆಯ ಹುಳು) ಸಾಕಣೆ, ಹಿಪ್ಪುನೇರಳೆ ತೋಟದ ನಿರ್ವಹಣೆ ಎಲ್ಲವನ್ನೂ ರೈತರ ಹೊಲದಲ್ಲೇ ಮಾಡಿ ತೋರಿಸಬೇಕಾಯಿತು. ಅದೇ ಸಂಸ್ಥೆ ಹೊರದೇಶದ ಅಭ್ಯರ್ಥಿಗಳಿಗೂ ರೇಷ್ಮೆ ಕೃಷಿ ಕಲಿಸುತ್ತದೆ. ಕಲಿತು ಹೋದವರಿಗೆ ತಮ್ಮ ದೇಶದಲ್ಲಿ ರೋಗರಹಿತ ಮೊಟ್ಟೆ ಮತ್ತು ಗೂಡು ಕೊಳ್ಳುವ ಮಾರುಕಟ್ಟೆ ಎರಡೂ ಸಿಗುವಂತೆ ಅಲ್ಲಿನ ಸರ್ಕಾರ ನೋಡಿಕೊಂಡರೆ ಮಾತ್ರ ಆ ತರಬೇತಿ ನೂಲಾಗಿ ಹೊರಬರುತ್ತದೆ.