ಎಂ.ಡಿ. ಸರಿ, ಯಾವುದರಲ್ಲಿ?

ಜಗಳೂರು ಕಡೆಯ ರೈತರೊಬ್ಬರು ಕಳೆದ ತಿಂಗಳು ತಂದೆಯನ್ನು ಕರೆದುಕೊಂಡು ದಾವಣಗೆರೆಯ ನನ್ನ ಕ್ಲಿನಿಕ್‌ಗೆ ಮತ್ತೆ ಬಂದರು. ಹಿರಿಯರ ಕಾಲು ಬಾತಿತ್ತು, ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರುತ್ತಲೇ ಇತ್ತು. 15 ದಿನಗಳ ಹಿಂದೆಯೇ ಕಿಡ್ನಿ ತಜ್ಞರಿಗೆ ಚೀಟಿ ಬರೆದುಕೊಟ್ಟಿದ್ದೆ. ‘ಹೋಗಿದ್ದೆವು ಸಾರ್. ಬೋರ್ಡಿನಲ್ಲಿ ಎಂ.ಡಿ. ಇರಲಿಲ್ಲ, ಡಿ.ಎನ್.ಬಿ. ಅಂತಿತ್ತು. ವಾಪಸ್ ಬಂದೆವು’ ಎಂದರು. ಅಲ್ಲಿದ್ದದ್ದು ಡಿ.ಎನ್.ಬಿ. ನೆಫ್ರಾಲಜಿ, ಅಂದರೆ ಎಂ.ಡಿ. ಮಟ್ಟದ ಓದಿನ ಮೇಲೆ ಕಿಡ್ನಿಯನ್ನೇ ಓದಿ ಪಡೆಯುವ ಪದವಿ. ಮೂತ್ರಪಿಂಡದ ಮಟ್ಟಿಗೆ ನನ್ನ ಎಂ.ಡಿ.ಗಿಂತ ಒಂದು ಮೆಟ್ಟಿಲು ಮೇಲಿನದು. ನನಗೆ ಸಿಟ್ಟು ಬಂತು. ಹಿರಿಯರ ಮುಖ ನೋಡಿ ನುಂಗಿಕೊಂಡೆ.

ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಒಂದೇ ವಿಷಯ ಓದಿದರೆ ಎಂ.ಡಿ. ಆ ವಿಷಯ ಜನರಲ್ ಮೆಡಿಸಿನ್ ಇರಬಹುದು, ಚರ್ಮ ಇರಬಹುದು, ಅರಿವಳಿಕೆ ಇರಬಹುದು. ಲ್ಯಾಬಿನಲ್ಲಿ ಕುಳಿತು ಸ್ಲೈಡ್ ನೋಡಿ ಕ್ಯಾನ್ಸರ್ ಗುರುತಿಸುವ ಪೆಥಾಲಜಿಸ್ಟ್ ಕೂಡ ಎಂ.ಡಿ. ಆಯುರ್ವೇದದಲ್ಲೂ ಹೋಮಿಯೋಪಥಿಯಲ್ಲೂ ಎಂ.ಡಿ. ಇದೆ. ರಷ್ಯಾದಲ್ಲಿ ಓದಿದವರಿಗೆ ಮೊದಲ ಪದವಿಯ ಹೆಸರೇ ಎಂ.ಡಿ., ಅದು ನಮ್ಮ ಎಂ.ಬಿ.ಬಿ.ಎಸ್.ಗೆ ಸಮ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಜಮೀನು ಕೊಳ್ಳುವಾಗ ‘ನಾಲ್ಕು ಎಕರೆ’ ಎಂದರೆ ಒಪ್ಪುತ್ತೀರಾ? ಖುಷ್ಕಿಯೋ, ಭದ್ರಾ ನಾಲೆಯ ನೀರು ಬರುತ್ತದೆಯೋ ಎಂದು ಕೇಳಿಯೇ ಕೇಳುತ್ತೀರಿ. ಹೆತ್ತವರನ್ನು ಒಪ್ಪಿಸುವಾಗಲೂ ಹಾಗೆಯೇ ಕೇಳಿ: ಎಂ.ಡಿ. ಯಾವುದರಲ್ಲಿ? ಈ ಪ್ರಶ್ನೆಗೆ ಯಾವ ವೈದ್ಯರೂ ಮುನಿಸಿಕೊಳ್ಳಬಾರದು.

ಡಿ.ಎನ್.ಬಿ.ಗೂ ಇದೇ ಪ್ರಶ್ನೆ. ಎಂ.ಡಿ.ಯನ್ನು ವಿಶ್ವವಿದ್ಯಾಲಯ ಕೊಡುತ್ತದೆ, ಡಿ.ಎನ್.ಬಿ.ಯನ್ನು 1982ರಲ್ಲಿ ಆರಂಭವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಸುಲಭದ್ದಲ್ಲ. ಶಸ್ತ್ರಚಿಕಿತ್ಸೆಯವರಿಗೆ ಎಂ.ಎಸ್., ಅದರ ಮೇಲೆ ಎಂ.ಸಿಎಚ್.; ಎಂ.ಡಿ. ಓದಿದ ನಮ್ಮಂಥವರಿಗೆ ಅದರ ಮೇಲಿನದು ಡಿ.ಎಂ. ‘ಬರೀ ಡಿ.ಸಿ.ಎಚ್.’ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅದು ಮಕ್ಕಳ ಚಿಕಿತ್ಸೆಯಲ್ಲಿ ಎರಡು ವರ್ಷದ ಡಿಪ್ಲೊಮಾ. ನನ್ನ ಮಗಳಿಗೆ ಜ್ವರ ಬಂದಾಗಲೆಲ್ಲ ನಾನು ಓಡಿದ್ದು ಅಂಥ ಒಬ್ಬ ಹಿರಿಯರ ಬಳಿಗೆ.

ಹೆಸರಿನ ಹಿಂದೆ ಎರಡು ಸಾಲು ಅಕ್ಷರಗಳಿದ್ದರೆ ಹಿಗ್ಗಬೇಡಿ. ಬ್ರಿಟನ್ನಿನ ಎಂ.ಆರ್.ಸಿ.ಪಿ.ಯಂಥವು ಕಠಿಣ ಪರೀಕ್ಷೆಯಿಂದ ಬರುತ್ತವೆ, ಕೆಲವು ಸಂಘದ ಸದಸ್ಯತ್ವ ಶುಲ್ಕ ಕಟ್ಟಿದರೆ ಬರುತ್ತವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೇಳುತ್ತಿಲ್ಲ. ಪದವಿ ಏನು ಓದಿದ್ದಾರೆಂದು ಹೇಳುತ್ತದೆ, ಕೈಗುಣವನ್ನಲ್ಲ. ಅನುಮಾನವಿದ್ದರೆ ಚೀಟಿಯಲ್ಲಿರುವ ನೋಂದಣಿ ಸಂಖ್ಯೆ ನೋಡಿ. 2002ರ ವೃತ್ತಿ ನಿಯಮದ ಪ್ರಕಾರ ಅದನ್ನು ಚೀಟಿಯಲ್ಲೂ ಕ್ಲಿನಿಕ್‌ನಲ್ಲೂ ಕಾಣಿಸಲೇಬೇಕು. ಎಂ.ಬಿ.ಬಿ.ಎಸ್. ಓದಿದವರದಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು.

ಆ ಹಿರಿಯರನ್ನು ಅದೇ ಸಂಜೆ ಅದೇ ಡಿ.ಎನ್.ಬಿ. ವೈದ್ಯರ ಬಳಿಗೆ ಕಳುಹಿಸಿದೆ, ಈ ಸಲ ಫೋನ್ ಮಾಡಿ. ಬಾವು ಇಳಿದಿದೆ. ಡಯಾಲಿಸಿಸ್ ಸದ್ಯಕ್ಕೆ ಬೇಡ ಎಂದಿದ್ದಾರೆ.