ವರದಿ ಓದುವ ಮೊದಲು ಹೆಂಟೆ ಮುರಿಯಿರಿ

ಕೆಲವು ವರ್ಷಗಳ ಹಿಂದೆ ಒಂದೇ ಬದುವಿನ ಆಚೀಚೆ ಇದ್ದ ಎರಡು ತಾಕುಗಳ ಮಣ್ಣು ಪರೀಕ್ಷೆಯ ವರದಿ ನನ್ನ ಮೇಜಿಗೆ ಬಂದಿತ್ತು. ಎರಡೂ ಕೆಂಪು ಮಣ್ಣು. ರಸಸಾರ (pH, ಇದು 7ಕ್ಕಿಂತ ಇಳಿದಷ್ಟೂ ಮಣ್ಣು ಹುಳಿ) ಒಂದರಲ್ಲಿ 5.3, ಇನ್ನೊಂದರಲ್ಲಿ 5.4. ಎರಡರಲ್ಲೂ ರಂಜಕ ಕಡಿಮೆ, ಪೊಟ್ಯಾಷ್ ಮಧ್ಯಮ. ಸಾವಯವ ಇಂಗಾಲದ ಅಂಕಿ ಸ್ವಲ್ಪ ಬೇರೆಯಿದ್ದರೂ ಎರಡರ ಮುಂದೆಯೂ 'ಸಾಕಷ್ಟು' ಎಂಬ ಒಂದೇ ಮಾತು. ಕಾಗದ ನೋಡಿ ಶಿಫಾರಸು ಬರೆಯುವುದಾದರೆ ಒಂದನ್ನು ಬರೆದು ಇನ್ನೊಂದಕ್ಕೆ ನಕಲು ಮಾಡಿದರೆ ಸಾಕಿತ್ತು.

ಸ್ಥಳಕ್ಕೆ ಹೋದಾಗ ಕಂಡದ್ದೇ ಬೇರೆ. ಒಂದು ತಾಕಿನಲ್ಲಿ ಮರಗಳ ನೆರಳು, ನೆಲದ ಮೇಲೆ ಎಲೆಯ ಹೊದಿಕೆ, ವರ್ಷಗಳಿಂದ ಉಳುಮೆ ಇಲ್ಲ. ಇನ್ನೊಂದರಲ್ಲಿ ಪ್ರತಿ ಹಂಗಾಮಿಗೂ ಮೂರು ನಾಲ್ಕು ಸಲ ಟ್ರ್ಯಾಕ್ಟರ್ ಓಡಿತ್ತು. ಎರಡೂ ಕಡೆಯಿಂದ ಒಂದೊಂದು ಒಣ ಹೆಂಟೆ ತಂದು ನೀರು ತುಂಬಿದ ಗಾಜಿನ ಲೋಟಗಳಿಗೆ ಇಳಿಬಿಟ್ಟೆ. ಉತ್ತ ಮಣ್ಣಿನ ಹೆಂಟೆ ನೋಡನೋಡುತ್ತಲೇ ಕುಸಿದು ರಾಡಿಯಾಯಿತು. ಮರಗಳ ತಾಕಿನ ಹೆಂಟೆ ಒಂದು ಗಂಟೆ ಕಳೆದರೂ ಹಾಗೆಯೇ ಕುಳಿತಿತ್ತು. ಮಳೆ ಬಿದ್ದಾಗ ಆ ಎರಡು ಹೊಲಗಳಲ್ಲಿ ಆಗುವುದೂ ಇದೇ. ಒಂದರಲ್ಲಿ ನೀರು ಇಂಗುತ್ತದೆ. ಇನ್ನೊಂದರಲ್ಲಿ ಕರಗಿದ ಮಣ್ಣು ಮೇಲ್ಮೈಯ ರಂಧ್ರಗಳನ್ನು ಮುಚ್ಚಿ ಹೆಪ್ಪುಗಟ್ಟುತ್ತದೆ, ನೀರು ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಹೊತ್ತು ಹರಿದುಹೋಗುತ್ತದೆ.

ಮಣ್ಣಿನ ಭೌತಿಕ ಗುಣಗಳನ್ನು ಒಂದು ಅಧ್ಯಾಯವಾಗಿ, ರಾಸಾಯನಿಕ ಗುಣಗಳನ್ನು ಇನ್ನೊಂದಾಗಿ ಓದಿಸುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಉಷ್ಣವಲಯದ ಹಳೆಯ, ಮಳೆಗೆ ಸವೆದ ಮಣ್ಣುಗಳಲ್ಲಿ ಈ ವಿಂಗಡಣೆ ದಾರಿ ತಪ್ಪಿಸುತ್ತದೆ. ಅಲ್ಲಿ ಎರಡಕ್ಕೂ ಆಧಾರವಾಗಿ ನಿಂತಿರುವುದು ಒಂದೇ ವಸ್ತು, ಸಾವಯವ ಅಂಶ.

ಒಂದು ಲೆಕ್ಕ ನೋಡೋಣ. ಇಂಥ ಮಣ್ಣಿನ ಜೇಡಿ ಬಹುಪಾಲು ಕಯೋಲಿನೈಟ್ ಎಂಬ ಖನಿಜ ಮತ್ತು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ, ಅಂದರೆ ಧನ ಅಯಾನು ವಿನಿಮಯ ಸಾಮರ್ಥ್ಯ, ಕಯೋಲಿನೈಟಿನಲ್ಲಿ ಕಿಲೋಗೆ 3ರಿಂದ 15 ಸೆಂಟಿಮೋಲ್ (ಈ ಶಕ್ತಿಯನ್ನು ಅಳೆಯುವ ಮಾನ) ಅಷ್ಟೇ. ಕಪ್ಪು ಎರೆಮಣ್ಣಿನ ಸ್ಮೆಕ್ಟೈಟ್ ಜೇಡಿಗೆ ಅದು 80ರಿಂದ 120. ಈಗ ನೂರಕ್ಕೆ 40 ಪಾಲು ಜೇಡಿಯಿರುವ ಕೆಂಪು ಮಣ್ಣು ಎನ್ನಿ. ಕಿಲೋ ಜೇಡಿಗೆ 8 ಸೆಂಟಿಮೋಲ್ ಹಿಡಿದರೆ ಒಟ್ಟು ಸಿಗುವುದು 3.2. ಅದೇ ಮಣ್ಣಿನಲ್ಲಿ ನೂರಕ್ಕೆ 3 ಪಾಲು ಸಾವಯವ ಅಂಶವಿದ್ದು, ಹುಳಿ ಮಣ್ಣಾದ್ದರಿಂದ ಅದರ ಸಾಮರ್ಥ್ಯವನ್ನು ಕಡಿಮೆಯೆಂದೇ, 120 ಎಂದು ಹಿಡಿದರೂ 3.6 ಬರುತ್ತದೆ. ನಲವತ್ತು ಪಾಲು ಜೇಡಿ ಹೊರುವುದಕ್ಕಿಂತ ಮೂರು ಪಾಲು ಸಾವಯವ ಅಂಶ ಹೊರುವುದೇ ಹೆಚ್ಚು! ಆ ಮೂರು ಪಾಲು ಒಂದೂವರೆಗೆ ಇಳಿದರೆ ಉಗ್ರಾಣದ ಕಾಲು ಭಾಗ ಹೋಯಿತು. ಆಮೇಲೆ ಹಾಕುವ ಪೊಟ್ಯಾಷಿಗೆ ನಿಲ್ಲಲು ಜಾಗ ಅಷ್ಟು ಕಡಿಮೆ, ಮಳೆಯೊಂದಿಗೆ ಕೆಳಗಿಳಿಯುವುದು ಅಷ್ಟು ಹೆಚ್ಚು.

ಹೆಂಟೆಯನ್ನು ನೀರಿನಲ್ಲೂ ಕರಗದಂತೆ ಹಿಡಿದಿಟ್ಟ ಅಂಟಿನ ದೊಡ್ಡ ಪಾಲೂ ಸಾವಯವ ಅಂಶವೇ. ಬೇರಿನ ಸ್ರಾವ, ಶಿಲೀಂಧ್ರದ ಎಳೆ, ಎರೆಹುಳುವಿನ ಹಿಕ್ಕೆ, ಕೊಳೆತ ಎಲೆ. ಉಗ್ರಾಣ ಬರಿದಾದಾಗ ಅದರ ಗೋಡೆಯೂ ಬೀಳುತ್ತದೆ.

ಉಷ್ಣವಲಯದಲ್ಲಿ ಇದು ಬೇಗ ಖರ್ಚಾಗುತ್ತದೆ. 1977ರಲ್ಲಿ ಜೆಂಕಿನ್‌ಸನ್ ಮತ್ತು ಅಯನಬಾ ಎಂಬ ವಿಜ್ಞಾನಿಗಳು ವಿಕಿರಣಶೀಲ ಇಂಗಾಲದ ಗುರುತು ಹಾಕಿದ ಸಸ್ಯದ ಉಳಿಕೆ ನೈಜೀರಿಯಾದ ಮಣ್ಣಿನಲ್ಲಿ ಕೊಳೆಯುವುದನ್ನು ಇಂಗ್ಲೆಂಡಿನ ಮಣ್ಣಿನೊಂದಿಗೆ ಹೋಲಿಸಿದರು. ಕೊಳೆಯುವ ರೀತಿ ಒಂದೇ, ವೇಗ ಮಾತ್ರ ನೈಜೀರಿಯಾದಲ್ಲಿ ನಾಲ್ಕು ಪಟ್ಟು. ಸಮಶೀತೋಷ್ಣ ದೇಶಗಳ ಅನುಭವದಿಂದ ಬಂದ 'ಒಮ್ಮೆ ಗೊಬ್ಬರ ಕೊಟ್ಟರೆ ಹಲವು ವರ್ಷ ನಿಶ್ಚಿಂತೆ' ಎಂಬ ಮಾತು ಇಲ್ಲಿ ನಡೆಯದಿರುವುದು ಇದಕ್ಕೇ. ಇಲ್ಲಿ ಸಾವಯವ ಅಂಶ ಸೋರುವ ತೊಟ್ಟಿಯಂತೆ, ಮಟ್ಟ ಉಳಿಯಬೇಕಾದರೆ ಮೇಲಿನಿಂದ ತುಂಬುತ್ತಲೇ ಇರಬೇಕು.

ಹಾಗೆಂದು ಉಷ್ಣವಲಯದ ಮಣ್ಣೆಲ್ಲ ಬಡವಾದದ್ದು, ಕಾಡು ಕಡಿದರೆ ಇಟ್ಟಿಗೆಯಾಗುತ್ತದೆ ಎಂಬ ಹಳೆಯ ಭಯವನ್ನು ನಾನು ಒಪ್ಪುವುದಿಲ್ಲ. ಒಣಗಿದಾಗ ಮರಳಿ ಮೆತ್ತಗಾಗದಂತೆ ಗಟ್ಟಿಯಾಗುವ ಜಂಬಿಟ್ಟಿಗೆ ಪದರವಿರುವುದು ಉಷ್ಣವಲಯದ ಸಣ್ಣ ಪಾಲು ನೆಲದಲ್ಲಿ ಮಾತ್ರ. ಪೆರು ದೇಶದ ಯೂರಿಮಾಗುವಾಸ್‌ನಲ್ಲಿ 1972ರಿಂದ ನಡೆದ ಪ್ರಯೋಗಗಳು, ಅಮೆಜಾನ್ ಬಯಲಿನ ಹುಳಿ ಮಣ್ಣಿನಲ್ಲೂ ಸುಣ್ಣ ಮತ್ತು ಗೊಬ್ಬರ ಲೆಕ್ಕವಿಟ್ಟು ಕೊಟ್ಟರೆ ವರ್ಷ ವರ್ಷವೂ ಬೆಳೆ ತೆಗೆಯಬಹುದು ಎಂದು ತೋರಿಸಿದವು. ಆದರೆ ಅಲ್ಲಿಯ ಇನ್ನೊಂದು ಪಾಠ ನನಗೆ ಹೆಚ್ಚು ಮುಖ್ಯ. ಕಾಡನ್ನು ಕಡಿದು ಸುಟ್ಟ ತಾಕಿಗಿಂತ ಬುಲ್‌ಡೋಜರ್‌ನಿಂದ ಸವರಿದ ತಾಕಿನಲ್ಲಿ ಇಳುವರಿ ಕಡಿಮೆ ಬಂತು. ಯಂತ್ರದ ಭಾರಕ್ಕೆ ಮಣ್ಣು ಅದುಮಿಹೋಗಿತ್ತು, ಅಲಗು ಮೇಲ್ಮಣ್ಣನ್ನು ಕೆರೆದು ಬದಿಗೆ ತಳ್ಳಿತ್ತು, ಬೂದಿಯಿಂದ ಸಿಗಬೇಕಾದ ಸುಣ್ಣ ಪೊಟ್ಯಾಷ್‌ಗಳೂ ತಪ್ಪಿದ್ದವು. ಒಂದೇ ಕೆಲಸದಿಂದ ರಚನೆಗೂ ರಸಾಯನಕ್ಕೂ ಬಿದ್ದ ಪೆಟ್ಟು ಅದು.

ಇನ್ನು ಹುಳಿಯ ವಿಷಯ. ರಸಸಾರ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಹೊರಬರುತ್ತದೆ, ಬೇರಿನ ತುದಿ ಮೊಂಡಾಗುತ್ತದೆ. ಅಮೋನಿಯಂ ಗೊಬ್ಬರಗಳು ಈ ಇಳಿತವನ್ನು ಬೇಗ ಮಾಡಿಸುತ್ತವೆ. ಅಷ್ಟೇ ಸಾರಜನಕಕ್ಕೆ ಯೂರಿಯಾ ತರುವ ಹುಳಿಯ ಸುಮಾರು ಮೂರು ಪಟ್ಟನ್ನು ಅಮೋನಿಯಂ ಸಲ್ಫೇಟ್ ತರುತ್ತದೆ. ಸವೆದ ಮಣ್ಣುಗಳಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿ ಪೋಷಕಾಂಶಗಳನ್ನು ಹಿಡಿದಿಡುವ, ಕಣಗಳ ಮೇಲಿನ ಋಣ ಆವೇಶ ಸ್ಥಿರವಲ್ಲ, ರಸಸಾರ ಇಳಿದಂತೆ ಅದೂ ಇಳಿಯುತ್ತದೆ. ಹುಳಿಯೇರಿದಾಗ ವಿಷ ಹೆಚ್ಚುವುದರ ಜೊತೆಗೆ ಉಗ್ರಾಣವೇ ಕುಗ್ಗುತ್ತದೆ.

ಸುಣ್ಣ ಹಾಕಿ ರಸಸಾರವನ್ನು 7ಕ್ಕೆ ಮುಟ್ಟಿಸುವ ಉತ್ಸಾಹವನ್ನು ಮಾತ್ರ ನಾನು ಯಾವಾಗಲೂ ತಡೆಯುತ್ತೇನೆ. ಈ ಮಣ್ಣುಗಳಲ್ಲಿ ಅಷ್ಟು ಸುಣ್ಣ ಹಾಕಿದರೆ ಸತು, ಮ್ಯಾಂಗನೀಸ್‌ಗಳ ಕೊರತೆ ಕಾಣುತ್ತದೆ. ಅಲ್ಯೂಮಿನಿಯಂ ತಣಿಯುವಷ್ಟು, ಅಂದರೆ ರಸಸಾರ 5.5ರ ಆಸುಪಾಸಿಗೆ ಬರುವಷ್ಟು ಸುಣ್ಣ ಬಹುತೇಕ ಬೆಳೆಗಳಿಗೆ ಸಾಕು. ಸುಣ್ಣ ಹಾಕಿದಲ್ಲೇ ನಿಲ್ಲುವ ಸ್ವಭಾವದ್ದು. ಕೆಳಪದರದ ಬೇರಿಗೆ ಕ್ಯಾಲ್ಸಿಯಂ ಇಳಿಸಬೇಕಾದರೆ ಜಿಪ್ಸಂ ಬೇಕು. ಬ್ರೆಜಿಲ್ಲಿನ ಸೆರಾಡೊ ಬಯಲು ಬೇಸಾಯಕ್ಕೆ ಒದಗಿದ್ದರಲ್ಲಿ ಸುಣ್ಣ, ರಂಜಕಗಳ ಜೊತೆ ಈ ತಿಳಿವಳಿಕೆಯ ಪಾಲೂ ಇದೆ.

ಹೋಲಿಕೆ ಮಾಡುವವರು ಎಡವುವ ಜಾಗವೊಂದಿದೆ. ಕಾಡಿನ ಮಣ್ಣಿಗೂ ಉತ್ತ ಹೊಲದ ಮಣ್ಣಿಗೂ ಇಂಗಾಲ ಎಷ್ಟು ವ್ಯತ್ಯಾಸ ಎಂದು ತಿಳಿಯಲು ಎರಡೂ ಕಡೆ 10 ಸೆಂಟಿಮೀಟರ್ ಆಳದ ಮಾದರಿ ತೆಗೆಯುತ್ತಾರೆ. ಕಾಡಿನಲ್ಲಿ ಇಂಗಾಲ ನೂರಕ್ಕೆ 2.5, ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.0 ಗ್ರಾಂ ಎಂದಿಟ್ಟುಕೊಳ್ಳಿ. ಹೆಕ್ಟೇರಿಗೆ 1000 ಟನ್ ಮಣ್ಣು, ಅದರಲ್ಲಿ 25 ಟನ್ ಇಂಗಾಲ. ಹೊಲದಲ್ಲಿ ಇಂಗಾಲ 1.8, ಆದರೆ ಅದುಮಿಹೋದ ಮಣ್ಣಿನ ಸಾಂದ್ರತೆ 1.3. ಅದೇ ಆಳದಲ್ಲಿ 1300 ಟನ್ ಮಣ್ಣು, 23.4 ಟನ್ ಇಂಗಾಲ. ನಷ್ಟ ಬರೀ 1.6 ಟನ್ ಎಂದು ವರದಿ ಬರೆದು ನೆಮ್ಮದಿಯಾಗುತ್ತಾರೆ. ಆದರೆ ಹೊಲದ ಆ 10 ಸೆಂಟಿಮೀಟರಿನೊಳಗೆ, ಕಾಡಿನಲ್ಲಿ 13 ಸೆಂಟಿಮೀಟರ್ ಆಳದವರೆಗೆ ಹರಡಿದ್ದಷ್ಟು ಮಣ್ಣು ತುರುಕಿಕೊಂಡಿದೆ. ಸಮತೂಕದ 1000 ಟನ್ ಮಣ್ಣನ್ನೇ ಹೋಲಿಸಿದರೆ ಹೊಲದಲ್ಲಿರುವುದು 18 ಟನ್. ನಷ್ಟ 7 ಟನ್, ಕಾಲು ಭಾಗಕ್ಕಿಂತ ಹೆಚ್ಚು. ಭೌತಿಕ ಹಾನಿಯೊಂದು ರಾಸಾಯನಿಕ ಹಾನಿಯನ್ನು ಮರೆಮಾಚಿಬಿಟ್ಟಿತು. ಸಾಂದ್ರತೆ ಅಳೆಯದೆ ತೆಗೆದ ಇಂಗಾಲದ ಲೆಕ್ಕವನ್ನು ನಾನು ಯಾವ ಪದ್ಧತಿಯ ಪರವಾಗಿಯೂ ವಿರುದ್ಧವಾಗಿಯೂ ಬಳಸುವುದಿಲ್ಲ.

ಉಳುಮೆಯಿಲ್ಲದ ಬೇಸಾಯದ ಪರ ಹೇಳುವ ಅಂಕಿಗಳಿಗೂ ಇದೇ ಎಚ್ಚರ ಬೇಕು. ಉಳದ ಹೊಲದಲ್ಲಿ ಇಂಗಾಲ, ರಂಜಕ, ಪೊಟ್ಯಾಷ್ ಎಲ್ಲವೂ ಮೇಲಿನ 5 ಸೆಂಟಿಮೀಟರಿನಲ್ಲಿ ಶೇಖರವಾಗುತ್ತವೆ. ಉತ್ತ ಹೊಲದಲ್ಲಿ ಉಳುಮೆಯ ಆಳದವರೆಗೂ ಕಲಸಿಹೋಗಿರುತ್ತವೆ. ಮೇಲೆ ಮೇಲೆ ಕೆರೆದು ಮಾದರಿ ತೆಗೆದರೆ ಉಳದ ಹೊಲ ಗೆಲ್ಲುತ್ತದೆ, 30 ಸೆಂಟಿಮೀಟರ್‌ವರೆಗೆ ಹೋದರೆ ಅಂತರ ಬಹಳ ಸಲ ಕಿರಿದಾಗುತ್ತದೆ. ಹಾಗಿದ್ದೂ ನಾನು ಹೊದಿಕೆಯ ಪಕ್ಷದವನೇ. ಉಷ್ಣವಲಯದ ಬಿಸಿಲಿಗೆ ಬೆತ್ತಲೆ ನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹೊದಿಕೆ ಆ ಬಿಸಿಯನ್ನು ತಡೆಯುತ್ತದೆ, ಮಳೆಹನಿಯ ಹೊಡೆತವನ್ನು ತಾನು ತಿನ್ನುತ್ತದೆ. ಆ ಮೇಲಿನ 5 ಸೆಂಟಿಮೀಟರ್ ತಾನೇ ನೀರು ಒಳಗೆ ಹೋಗುವ ಬಾಗಿಲು? ಹೊದಿಕೆ ಹಾಕದೆ ಉಳುಮೆ ಮಾತ್ರ ನಿಲ್ಲಿಸಿದರೆ ಮೊದಲೇ ಹೆಪ್ಪುಗಟ್ಟಿದ ನೆಲ ಇನ್ನಷ್ಟು ಬಿಗಿಯುತ್ತದೆ.

ಭತ್ತದ ಗದ್ದೆಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಕೆಸರು ಮಾಡಿ ರಚನೆಯನ್ನು ಬೇಕೆಂದೇ ಮುರಿಯುತ್ತಾರೆ, ನೀರು ನಿಲ್ಲಲು ಗಟ್ಟಿ ತಳ ಬೇಕು. ನೀರು ನಿಂತ ಹುಳಿ ಮಣ್ಣಿನ ರಸಸಾರ ವಾರಗಳಲ್ಲಿ ತಾನಾಗಿ 6.5ರಿಂದ 7ರ ಕಡೆಗೆ ಏರುತ್ತದೆ, ಕಬ್ಬಿಣ ರೂಪ ಬದಲಿಸಿ ಹಿಡಿದಿಟ್ಟಿದ್ದ ರಂಜಕವನ್ನು ಬಿಡುತ್ತದೆ. ತೊಂದರೆ ಬರುವುದು ಭತ್ತದ ಹಿಂದೆಯೇ ಒಣಬೆಳೆ ಬಿತ್ತಿದಾಗ, ಆ ಗಟ್ಟಿ ತಳವನ್ನು ದಾಟಲು ಬೇರಿಗೆ ಆಗುವುದಿಲ್ಲ.

ಕೆಂಪು ಜೇಡಿಯ ಬಗ್ಗೆ ಇನ್ನೊಂದು ಮಾತು. ಕಬ್ಬಿಣದ ಆಕ್ಸೈಡು ಜೇಡಿಯ ಕಣಗಳನ್ನು ಸಣ್ಣ ಸಣ್ಣ ಉಂಡೆಗಳಾಗಿ ಅಂಟಿಸಿರುವುದರಿಂದ ಬೆರಳಿಗೆ ಅದು ಮರಳಿನಂತೆ ಸಿಗುತ್ತದೆ, ನೀರನ್ನೂ ಮರಳಿನಂತೆಯೇ ಬೇಗ ಬಿಟ್ಟುಕೊಡುತ್ತದೆ. ಜೇಡಿ 60 ಪಾಲು ಎಂದು ವರದಿ ಹೇಳಿದರೂ ಮಳೆ ನಿಂತ ಕೆಲವೇ ದಿನಗಳಲ್ಲಿ ಬೆಳೆ ಬಾಡುವುದು ಇದರಿಂದ.

ಆ ಎರಡು ತಾಕುಗಳಿಗೆ ಕೊನೆಗೆ ಬೇರೆ ಬೇರೆ ಕಾಗದ ಬರೆದೆ. ಮರಗಳ ತಾಕಿಗೆ ಸ್ವಲ್ಪ ಸುಣ್ಣ, ಬೇರಿನ ಪಕ್ಕದಲ್ಲೇ ಪಟ್ಟಿಯಾಗಿ ರಂಜಕ. ಉತ್ತ ತಾಕಿಗೆ ಬರೆದ ಮೊದಲ ಸಾಲಿನಲ್ಲಿ ಗೊಬ್ಬರವೇ ಇರಲಿಲ್ಲ: ಬೆದೆ (ಹದವಾದ ತೇವ) ಇಲ್ಲದಾಗ ಟ್ರ್ಯಾಕ್ಟರ್ ಇಳಿಸುವುದು ಬೇಡ, ಎರಡು ಹಂಗಾಮು ದ್ವಿದಳ ಹೊದಿಕೆ ಬೆಳೆ, ಉಳಿಕೆ ಹೊಲದಲ್ಲೇ. ಅದರ ಕೆಳಗೆ ಸುಣ್ಣ, ಅಲ್ಯೂಮಿನಿಯಂ ಲೆಕ್ಕದಲ್ಲಿ. ಮಾದರಿ ತೆಗೆದ ತಿಂಗಳು, ಆಳ, ಸಾಂದ್ರತೆ ಅಳೆಯಲು ಬಳಸಿದ ಉಂಗುರದ ಅಳತೆ ಇಷ್ಟನ್ನೂ ಅಂಚಿನಲ್ಲಿ ಬರೆದಿಟ್ಟೆ, ಮುಂದಿನ ಸಲ ಅಗೆಯುವವರು ಅದೇ ತಿಂಗಳು, ಅಷ್ಟೇ ಆಳಕ್ಕೆ ಅಗೆಯಲೆಂದು.